ಮಧ್ಯಸ್ಥಿಕೆ ಫಲಿಸಲಿಲ್ಲ, ಕೇಸು ಸಾಕ್ಷ್ಯಕ್ಕೆ ಬರುತ್ತಿದೆ: ಈ ಮೂರು ವಾರದಲ್ಲಿ ಏನು ಮಾಡಿಕೊಳ್ಳಬೇಕು?

ಪ್ರಶ್ನೆ: ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಕ್ರೌರ್ಯದ ಕಾರಣ ಕೊಟ್ಟು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೇನೆ. ಗಂಡ ತಕರಾರು ಸಲ್ಲಿಸಿ, ಎಂಟು ವರ್ಷದ ಮಗಳು ತನಗೇ ಬೇಕು ಎಂದಿದ್ದಾರೆ. ನ್ಯಾಯದೇಗುಲದ ಮಧ್ಯಸ್ಥಿಕೆ ಕೇಂದ್ರದಲ್ಲಿ ನಾಲ್ಕು ಸಲ ಮೀಡಿಯೇಶನ್ ಆಗಿ ಮುರಿದುಬಿತ್ತು. ಮುಂದಿನ ದಿನಾಂಕ ಮೂರು ವಾರಕ್ಕಿದೆ. ಅಂದು ವಿವಾದಾಂಶ, ಆಮೇಲೆ ನನ್ನ ಸಾಕ್ಷ್ಯ. ವಕೀಲರು ‘ನಿಮ್ಮ ಹತ್ತಿರ ಇರೋ ಡಾಕ್ಯುಮೆಂಟ್ಸ್ ಎಲ್ಲ ತನ್ನಿ’ ಅಂದಿದ್ದಾರೆ. ವಾಟ್ಸಾಪ್ ಮೆಸೇಜು, ಕೆಲವು ಕಾಲ್ ರೆಕಾರ್ಡಿಂಗ್, ಆಸ್ಪತ್ರೆ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಕಾಗದ ಜೋಡಿಸಲು ಕೂರುವ ಮೊದಲು ನಿಮ್ಮ ಅರ್ಜಿಯನ್ನೂ ಅವರ ತಕರಾರನ್ನೂ ಎದುರುಬದುರು ಇಟ್ಟುಕೊಂಡು ಪೂರ್ತಿ ಓದಿ, ಪೆನ್ಸಿಲ್ ಹಿಡಿದು. ಅರ್ಜಿಯಲ್ಲಿ ಹೇಳದ ಸಂಗತಿಗೆ ಎಷ್ಟು ಗಟ್ಟಿ ದಾಖಲೆ ತಂದರೂ ಕೋರ್ಟು ಅದನ್ನು ಗಣನೆಗೆ ತೆಗೆದುಕೊಳ್ಳುವುದು ಕಷ್ಟ. ಅರ್ಜಿ ಬರೆಯುವಾಗ ಗಾಬರಿಯಲ್ಲಿ ಬಿಟ್ಟುಹೋದ ಘಟನೆ, ತಪ್ಪಾದ ತಾರೀಕು, ಕೇಳದೆ ಉಳಿದ ಪರಿಹಾರ, ಇವನ್ನೆಲ್ಲ ಸರಿಪಡಿಸಲು ನಿಮಗೆ ಉಳಿದಿರುವುದು ಈ ಮೂರು ವಾರ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 6, ನಿಯಮ 17ರ ಪ್ರಕಾರ ಅರ್ಜಿಯ ತಿದ್ದುಪಡಿಗೆ ಅವಕಾಶ ಇದೆ. ಆದರೆ ವಿಚಾರಣೆ ಶುರುವಾದ ಮೇಲೆ, ‘ಎಷ್ಟು ಎಚ್ಚರ ವಹಿಸಿದ್ದರೂ ಇದನ್ನು ಮೊದಲೇ ಹೇಳಲು ಆಗುತ್ತಿರಲಿಲ್ಲ’ ಎಂದು ಕೋರ್ಟಿಗೆ ಮನವರಿಕೆ ಮಾಡಬೇಕಾಗುತ್ತದೆ. ಮುಖ್ಯ ವಿಚಾರಣೆಯ ಪ್ರಮಾಣಪತ್ರ (ನಿಮ್ಮ ಸಾಕ್ಷ್ಯವನ್ನು ಬರೆದುಕೊಡುವ ಎವಿಡೆನ್ಸ್ ಅಫಿಡವಿಟ್) ಸಲ್ಲಿಸಿದರೆ ವಿಚಾರಣೆ ಶುರುವಾದಂತೆ ಎಂದು ಸುಪ್ರೀಂ ಕೋರ್ಟ್ ವಿದ್ಯಾಬಾಯಿ ಪ್ರಕರಣದಲ್ಲಿ ಹೇಳಿದೆ. ಅಂದರೆ ಆ ಅಫಿಡವಿಟ್ ಸಲ್ಲಿಸಿದ ದಿನವೇ ಆ ಬಾಗಿಲು ಮುಕ್ಕಾಲು ಮುಚ್ಚುತ್ತದೆ.

ಅರ್ಜಿಯ ಕೊನೆಯ ಪುಟದ ಪ್ರಾರ್ಥನೆಯನ್ನು, ಅಂದರೆ ಕೋರ್ಟಿನಿಂದ ಏನೇನು ಬೇಕೆಂದು ಕೇಳಿದ ಭಾಗವನ್ನು, ಇನ್ನೊಮ್ಮೆ ನೋಡಿ. ಬರೀ ವಿಚ್ಛೇದನ ಕೇಳಿದ್ದೀರಾ? ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಶ್ವತ ಜೀವನಾಂಶಕ್ಕೆ ಕಲಂ 25, ಮಗುವಿನ ಪಾಲನೆಗೆ ಕಲಂ 26, ಮದುವೆ ಹೊತ್ತಿಗೆ ಇಬ್ಬರಿಗೂ ಸೇರಿ ಬಂದ ವಸ್ತುಗಳಿಗೆ ಕಲಂ 27 ಇವೆ. ಗಂಡ ಮಗಳನ್ನು ಕೇಳಿದ್ದಾರೆ, ನೀವು ‘ಮಗು ನನ್ನ ಹತ್ತಿರವೇ ಇದೆಯಲ್ಲ’ ಎಂದು ಸುಮ್ಮನಿದ್ದರೆ ಅದು ದೊಡ್ಡ ಎಡವಟ್ಟು. ಈಗಲೇ ಸೇರಿಸಿ.

ವಿವಾದಾಂಶ ಎಂದರೆ ಕೋರ್ಟು ತಾನು ಉತ್ತರಿಸಬೇಕಾದ ಪ್ರಶ್ನೆಗಳನ್ನು ಬರೆದಿಡುವುದು. ‘ಎದುರುದಾರರು ತನ್ನನ್ನು ಕ್ರೂರವಾಗಿ ನಡೆಸಿಕೊಂಡರೆಂದು ಅರ್ಜಿದಾರರು ರುಜುವಾತುಪಡಿಸುತ್ತಾರೆಯೇ?’ ಎಂಬುದು ಮೊದಲನೆಯದಾಗಿ ಬರುತ್ತದೆ. ಕೆಲವು ಕೌಟುಂಬಿಕ ನ್ಯಾಯಾಲಯಗಳು ಇದನ್ನು ಬರೆಯದೆ ನೇರ ಸಾಕ್ಷ್ಯಕ್ಕೆ ಇಡುತ್ತವೆ. ಹಾಗಿದ್ದರೂ ನಿಮ್ಮ ವಕೀಲರು ಒಂದು ಪುಟದ ಕರಡು ವಿವಾದಾಂಶ ಸಿದ್ಧಮಾಡಿ ಮೆಮೋ (ಕೋರ್ಟಿಗೆ ಕೊಡುವ ಚಿಕ್ಕ ಟಿಪ್ಪಣಿ) ಜೊತೆ ಕೊಟ್ಟರೆ ಒಳ್ಳೆಯದು. ಪಾಲನೆ, ಜೀವನಾಂಶ, ವಸ್ತುಗಳ ವಾಪಸಾತಿ, ಒಂದೊಂದಕ್ಕೂ ಬೇರೆ ಪ್ರಶ್ನೆ ಇರಲಿ. ವಿವಾದಾಂಶ ಬರೆದ 15 ದಿನದೊಳಗೆ ಸಾಕ್ಷಿಗಳ ಪಟ್ಟಿ ಕೊಡಬೇಕು ಎನ್ನುತ್ತದೆ ಆದೇಶ 16. ಪಟ್ಟಿಯಲ್ಲಿಲ್ಲದವರನ್ನು ಆಮೇಲೆ ಕರೆಸಬೇಕಾದರೆ ಕಾರಣ ಕೊಟ್ಟು ಅನುಮತಿ ಕೇಳಬೇಕು. ಹೆಸರುಗಳನ್ನು ಈಗಲೇ ತೀರ್ಮಾನಿಸಿ.

ಈಗ ಒಂದು ಉದ್ದ ನೋಟ್‌ಬುಕ್ ತೆಗೆದುಕೊಂಡು ಅಡ್ಡಡ್ಡ ಐದು ಕಾಲಂ ಎಳೆಯಿರಿ: ಘಟನೆ ಮತ್ತು ತಾರೀಕು, ಅರ್ಜಿಯ ಪ್ಯಾರಾ ಸಂಖ್ಯೆ, ಇದನ್ನು ಹೇಳಬಲ್ಲವರು, ದಾಖಲೆ, ಒರಿಜಿನಲ್ ಎಲ್ಲಿದೆ. ಒಂದು ಸಾಲು ಹೀಗಿರುತ್ತದೆ. ‘2022 ಏಪ್ರಿಲ್ 3, ರಾತ್ರಿ ಮನೆಯಿಂದ ಹೊರಗೆ ಹಾಕಿ ಬಾಗಿಲು ಹಾಕಿಕೊಂಡಿದ್ದು. ಪ್ಯಾರಾ 9. ನಾನು, ಎದುರುಮನೆಯವರು. ರಾತ್ರಿ 11.40ಕ್ಕೆ ಅಣ್ಣನಿಗೆ ಕಳಿಸಿದ ವಾಟ್ಸಾಪ್. ಹಳೇ ಫೋನು, ಅಮ್ಮನ ಮನೆ ಬೀರು.’ ತಾರೀಕು ನೆನಪಾಗದಿದ್ದರೆ ಹಬ್ಬ ಹಿಡಿದು ಹುಡುಕಿ. ‘ವರ್ಷತೊಡಕಿನ ದಿನ’ ಎಂದು ನೆನಪಿದ್ದರೆ ಪಂಚಾಂಗದಲ್ಲಿ 2022ರ ಯುಗಾದಿ ಏಪ್ರಿಲ್ 2, ಹಾಗಾಗಿ ಘಟನೆ 3ಕ್ಕೆ. ಮಗಳ ಶಾಲೆಯ ಪರೀಕ್ಷೆ, ಆಸ್ಪತ್ರೆ ಬಿಲ್ಲು, ಬಸ್ ಟಿಕೆಟ್ ಮೆಸೇಜು, ಇವೆಲ್ಲ ತಾರೀಕು ಹಿಡಿಯುವ ಮೊಳೆಗಳು. ಕೊನೆಯ ಎರಡು ಕಾಲಂ ಖಾಲಿ ಇರುವ ಸಾಲುಗಳನ್ನು ಹೊಡೆದುಹಾಕಬೇಡಿ. ಗಂಡ ಹೆಂಡಿರ ನಡುವೆ ನಾಲ್ಕು ಗೋಡೆಯೊಳಗೆ ನಡೆದದ್ದಕ್ಕೆ ನಿಮ್ಮ ಮಾತೇ ಸಾಕ್ಷ್ಯ, ಕೋರ್ಟಿಗೆ ಅದು ಗೊತ್ತು. ಎರಡನೇ ಕಾಲಂ, ಅಂದರೆ ಪ್ಯಾರಾ ಸಂಖ್ಯೆ, ಖಾಲಿ ಇದ್ದರೆ ಮಾತ್ರ ವಕೀಲರಿಗೆ ಇವತ್ತೇ ಫೋನ್ ಮಾಡಿ.

ಇದರಿಂದಲೇ ನಿಮ್ಮ ಪ್ರಮಾಣಪತ್ರ ಹುಟ್ಟಬೇಕು. ಆದೇಶ 18, ನಿಯಮ 4ರಂತೆ ನಿಮ್ಮ ಮುಖ್ಯ ವಿಚಾರಣೆ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಪ್ರಮಾಣಪತ್ರದಲ್ಲಿ ಬರುತ್ತದೆ. ಅರ್ಜಿಯನ್ನೇ ನಕಲು ಹೊಡೆದು ‘ಅರ್ಜಿದಾರರು’ ಇದ್ದಲ್ಲಿ ‘ನಾನು’ ಎಂದು ಬದಲಿಸಿ ಕೊಡುವ ಅಭ್ಯಾಸ ಬಹಳ ಇದೆ. ಕೇಸುಗಳು ಸೊರಗುವುದು ಅಲ್ಲೇ. ‘ಎದುರುದಾರರು ನನಗೆ ದಿನನಿತ್ಯ ಮಾನಸಿಕ ಹಾಗೂ ದೈಹಿಕ ಕಿರುಕುಳ ನೀಡುತ್ತಿದ್ದರು’ ಎಂಬ ವಾಕ್ಯ ಓದಿದ ನ್ಯಾಯಾಧೀಶರಿಗೆ ಏನೂ ಕಾಣುವುದಿಲ್ಲ. ‘ಅಂದು ರಾತ್ರಿ ಹತ್ತೂವರೆಗೆ ಊಟದ ತಟ್ಟೆ ಎಸೆದು, ನಿಮ್ಮಪ್ಪನ ಮನೆಗೆ ಹೋಗು ಎಂದು ತೋಳು ಹಿಡಿದು ಹೊರಗೆ ದಬ್ಬಿದರು. ಮಗಳು ಒಳಗೇ ಇದ್ದಳು. ಎದುರುಮನೆಯವರು ಬಂದು ನನ್ನನ್ನು ತಮ್ಮ ಮನೆಯಲ್ಲಿ ಕೂರಿಸಿಕೊಂಡರು’ ಎಂದಾಗ ಕಾಣುತ್ತದೆ. ಇಂಥ ಆರೇಳು ಘಟನೆ ಸಾಕು. ಮಾನಸಿಕ ಕ್ರೌರ್ಯದ ಬಗ್ಗೆ ಸುಪ್ರೀಂ ಕೋರ್ಟ್ 2007ರ ಸಮರ್ ಘೋಷ್ ತೀರ್ಪಿನಲ್ಲಿ ಹೇಳಿದ್ದು ಇದನ್ನೇ: ಸಂಸಾರದ ದಿನನಿತ್ಯದ ಸಣ್ಣಪುಟ್ಟ ಜಗಳ ಸಾಲದು, ಇಡೀ ದಾಂಪತ್ಯವನ್ನು ಒಟ್ಟಾಗಿ ನೋಡಬೇಕು. ಮೂವತ್ತು ಪುಟದ ದೂರಿನಲ್ಲಿ ನಿಜವಾದ ಏಳು ಘಟನೆ ಹೂತುಹೋಗಬಾರದು.

ಪ್ರಮಾಣಪತ್ರದ ಭಾಷೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲಿಷ್ ಸರಿಯಾಗಿ ಬಾರದವರು ಇಂಗ್ಲಿಷ್ ಅಫಿಡವಿಟ್‌ಗೆ ಸಹಿ ಹಾಕಿದರೆ, ಪಾಟೀ ಸವಾಲಿನಲ್ಲಿ, ಅಂದರೆ ಎದುರು ವಕೀಲರು ನಿಮ್ಮನ್ನು ಪ್ರಶ್ನಿಸುವಾಗ, ಮೊದಲ ಪ್ರಶ್ನೆಯೇ ‘ಇದರಲ್ಲಿ ಏನು ಬರೆದಿದೆ ನಿಮಗೆ ಗೊತ್ತಾ?’ ಎಂದು ಬರುತ್ತದೆ. ಕನ್ನಡದಲ್ಲೇ ಬರೆಸಿ. ಇಂಗ್ಲಿಷ್‌ನಲ್ಲೇ ಆಗಬೇಕಾದರೆ ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂಬ ಒಕ್ಕಣೆ ಕೊನೆಯಲ್ಲಿರಲಿ, ನಿಜವಾಗಿಯೂ ಓದಿಸಿಕೊಳ್ಳಿ.

ಮೀಡಿಯೇಶನ್‌ನಲ್ಲಿ ಗಂಡ ಹೇಳಿದ್ದು, ಒಪ್ಪಿದ್ದು, ಕೊಡುತ್ತೇನೆಂದ ಮೊತ್ತ, ಯಾವುದನ್ನೂ ಪ್ರಮಾಣಪತ್ರದಲ್ಲಿ ಬರೆಯಬೇಡಿ. ಆ ಕೋಣೆಯ ಮಾತು ಗೋಪ್ಯ. ಮಧ್ಯಸ್ಥಿಕೆದಾರರು ‘ಫಲಿಸಲಿಲ್ಲ’ ಎಂದಷ್ಟೇ ವರದಿ ಕೊಡಬೇಕು, ಒಳಗೆ ನಡೆದದ್ದನ್ನು ಬರೆಯಬಾರದು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಮೋತಿರಾಮ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಫೋನಿನಲ್ಲಿರುವ ಸಾಕ್ಷ್ಯ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿ. ನಿಮ್ಮ ಅರ್ಜಿ 2024ರ ಜುಲೈ 1ರ ನಂತರ ಸಲ್ಲಿಕೆಯಾಗಿದೆ. ಆದ್ದರಿಂದ ಅಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಅನ್ವಯಿಸುತ್ತದೆ. ಆ ದಿನಕ್ಕೆ ಮೊದಲೇ ನಡೆಯುತ್ತಿದ್ದ ಕೇಸುಗಳಿಗೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟೇ (ಫೋನು, ಕಂಪ್ಯೂಟರಿನಿಂದ ತೆಗೆದ ದಾಖಲೆ ಅಸಲಿ ಎಂದು ಬರೆದುಕೊಡುವ ಪತ್ರ) ಮುಂದುವರಿಯುತ್ತದೆ. ಹೊಸ ಕಾಯ್ದೆಯ ಕಲಂ 63(4)ರ ಸರ್ಟಿಫಿಕೇಟಿನಲ್ಲಿ ಎರಡು ಭಾಗ ಇವೆ. ಭಾಗ ‘ಎ’ಯನ್ನು ನೀವು ತುಂಬಬೇಕು: ಸಾಧನ ಯಾವುದು, ಮಾಡೆಲ್, ಬಣ್ಣ, ಸೀರಿಯಲ್ ನಂಬರು, ಐಎಂಇಐ (ಫೋನಿನ ಗುರುತಿನ ಸಂಖ್ಯೆ), ಮತ್ತು ಫೈಲಿನ ಹ್ಯಾಶ್ ಸಂಖ್ಯೆ. ಭಾಗ ‘ಬಿ’ಗೆ ತಜ್ಞರ ಸಹಿ ಬೇಕು. ಹಳೇ ರೂಢಿಯಂತೆ ಒಂದೇ ಹಾಳೆಯ 65ಬಿ ಕೊಟ್ಟರೆ ಕೋರ್ಟು ದಾಖಲೆಗೆ ಸಾಕ್ಷ್ಯವೆಂದು ಗುರುತು ಹಾಕುವಾಗಲೇ ಎದುರು ವಕೀಲರು ಆಕ್ಷೇಪ ಎತ್ತುತ್ತಾರೆ.

ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಎಂದುಕೊಳ್ಳಿ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಪೂರ್ತಿ ಬದಲಾಗುತ್ತದೆ. ಹಾಗಾಗಿ ರೆಕಾರ್ಡಿಂಗನ್ನು ಕತ್ತರಿಸಬೇಡಿ, ಸದ್ದು ಹೆಚ್ಚಿಸಬೇಡಿ, ವಾಟ್ಸಾಪಿನಲ್ಲಿ ವಕೀಲರಿಗೆ ಕಳಿಸಿ ಆ ಪ್ರತಿಯನ್ನೇ ಕೋರ್ಟಿಗೆ ಕೊಡಬೇಡಿ. ಫೋನಿನಿಂದ ಕೇಬಲ್ ಹಾಕಿ ನೇರ ಪೆನ್‌ಡ್ರೈವ್‌ಗೆ ನಕಲಿಸಿ, ಅಲ್ಲೇ ಹ್ಯಾಶ್ ತೆಗೆಸಿ. ಹಳೇ ಫೋನನ್ನು ಎಕ್ಸ್‌ಚೇಂಜ್‌ಗೆ ಕೊಡಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಚಾರ್ಜ್ ಮಾಡಿ, ಆಫ್ ಮಾಡಿ, ಎತ್ತಿಡಿ.

ವಾಟ್ಸಾಪಿಗೆ ಸ್ಕ್ರೀನ್‌ಶಾಟ್ ಸಾಲದು. ಆ ನಂಬರಿನ ಜೊತೆಗಿನ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ, ಬೇಕಾದ ದಿನಗಳ ಮೊದಲೂ ಆಮೇಲೂ ಒಂದಿಷ್ಟು ಸೇರಿಸಿ ಪ್ರಿಂಟ್ ಹಾಕಿ. ನೀವು ಬೈದ ಮೆಸೇಜುಗಳೂ ಅದರಲ್ಲಿರುತ್ತವೆ, ಇರಲಿ. ಅವರು ತಂದು ತೋರಿಸುವುದಕ್ಕಿಂತ ನೀವೇ ಇಟ್ಟು ಸಂದರ್ಭ ಹೇಳುವುದು ಮೇಲು. ‘ಯಾಕೆ ಬಂದೆ, ಹೋಗು’ ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿರುತ್ತಾರಲ್ಲ, ಅಂಥವನ್ನು ಕನ್ನಡ ಲಿಪಿಗೆ ಇಳಿಸಿದ ಪ್ರತಿ ಜೊತೆಗಿಡಿ. ಮನೆಮಾತು ತುಳುವೋ ಕೊಂಕಣಿಯೋ ತೆಲುಗೋ ಆಗಿದ್ದರೆ ಅನುವಾದ ಬೇಕು. ರೆಕಾರ್ಡಿಂಗಿಗೆ, ಯಾರು ಯಾವ ನಿಮಿಷದಲ್ಲಿ ಏನೆಂದರು ಎಂದು ಬರೆದ ಲಿಖಿತ ಪ್ರತಿ ಕಡ್ಡಾಯ ಎಂದೇ ತಿಳಿಯಿರಿ. ನಲವತ್ತು ನಿಮಿಷದ ಆಡಿಯೋವನ್ನು ಕೋರ್ಟು ಕೂತು ಕೇಳುವುದಿಲ್ಲ.

ಗಂಡನಿಗೆ ಹೇಳದೆ ಮಾಡಿದ ಕಾಲ್ ರೆಕಾರ್ಡಿಂಗ್ ನಡೆಯುತ್ತದೆಯೇ ಎಂಬ ಅನುಮಾನ ನಿಮಗಿರಬಹುದು. 2025ರ ಜುಲೈ 14ರಂದು ವಿಭೋರ್ ಗರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಂಡ ಹೆಂಡಿರ ನಡುವಿನ ಕೇಸಿನಲ್ಲಿ ಇಂಥ ರೆಕಾರ್ಡಿಂಗನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿದೆ. ದನಿ ಅವರದೇ ಎಂದು ಗುರುತಿಸುವುದು, ತಿರುಚಿಲ್ಲವೆಂದು ತೋರಿಸುವುದು ನಿಮ್ಮ ಹೊಣೆ. ಇದನ್ನು ನೆಪಮಾಡಿಕೊಂಡು ಅವರ ಫೋನಿನೊಳಗೆ, ಇಮೇಲ್ ಒಳಗೆ ಗುಟ್ಟಾಗಿ ನುಗ್ಗಬೇಡಿ. ಅದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಬೇರೆಯೇ ಅಪರಾಧ.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ ಕಲಂ 14 ಸಾಕ್ಷ್ಯದ ಕಟ್ಟುಪಾಡನ್ನು ಸಡಿಲಿಸುತ್ತದೆ, ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನಾದರೂ ಕೋರ್ಟು ನೋಡಬಹುದು ಎನ್ನುತ್ತದೆ. ‘ಹಾಗಿದ್ದರೆ ಸರ್ಟಿಫಿಕೇಟು ಯಾಕೆ’ ಎಂದು ಕೆಲವು ವಕೀಲರೂ ಕೇಳುವುದುಂಟು. ನೋಡುವುದು ಬೇರೆ, ನಂಬುವುದು ಬೇರೆ. ಮೇಲ್ಮನವಿಯಲ್ಲಿ ಹೈಕೋರ್ಟಿನ ಮುಂದೆ ನಿಲ್ಲುವಂತೆ ದಾಖಲೆ ಮಾಡಿಕೊಳ್ಳಿ. ಆ ಸಡಿಲಿಕೆ ಕೊನೆಯ ಆಸರೆಯಾಗಿ ಇರಲಿ.

ಉಳಿದ ಕಾಗದಗಳು

ಬ್ಯಾಂಕ್ ಸ್ಟೇಟ್‌ಮೆಂಟನ್ನು ಮನೆಯಲ್ಲಿ ಪ್ರಿಂಟ್ ಹಾಕಿದ್ದು ಬೇಡ. ಶಾಖೆಗೆ ಲಿಖಿತ ಅರ್ಜಿ ಕೊಟ್ಟು, ಸೀಲು ಸಹಿಯ ಜೊತೆ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಯ ಕಲಂ 2ಎ ಸರ್ಟಿಫಿಕೇಟನ್ನೂ ಕೇಳಿ. ಶಾಖೆಯವರಿಗೆ ಆ ಹೆಸರು ಹೊಸದಾಗಿರಬಹುದು, ಕಲಂ ಸಂಖ್ಯೆಯನ್ನು ಅರ್ಜಿಯಲ್ಲೇ ಬರೆದುಕೊಂಡು ಹೋಗಿ. ಆಸ್ಪತ್ರೆ ಚೀಟಿಗೆ ಮೆಡಿಕಲ್ ರೆಕಾರ್ಡ್ಸ್ ವಿಭಾಗದಿಂದ ದೃಢೀಕೃತ ನಕಲು ತನ್ನಿ. ಗಾಯ ಹೇಗಾಯಿತು ಎಂಬ ಕಡೆ ಏನು ಬರೆದಿದ್ದಾರೆ ಎಂದು ಮೊದಲು ನೀವೇ ಓದಿ. ‘ಬಾತ್‌ರೂಮಿನಲ್ಲಿ ಜಾರಿ ಬಿದ್ದು’ ಎಂದು ಅಂದು ಹೆದರಿ ಹೇಳಿದ್ದರೆ, ಅದಕ್ಕೆ ವಿವರಣೆ ಪ್ರಮಾಣಪತ್ರದಲ್ಲೇ ಬರಬೇಕು. ಪಾಟೀ ಸವಾಲಿನಲ್ಲಿ ಮೊದಲ ಬಾರಿ ಹೇಳಿದರೆ ಕಟ್ಟುಕತೆ ಅನ್ನಿಸುತ್ತದೆ. ಸ್ಟಾಂಪ್ ಇಲ್ಲದ, ನೋಂದಣಿಯಾಗದ ಕರಾರುಪತ್ರವೇನಾದರೂ ಇದ್ದರೆ ಎಸೆಯಬೇಡಿ. ಹಿಂದೂ ವಿವಾಹ ಕಾಯ್ದೆಯ ಕಲಂ 21ಸಿ ಪ್ರಕಾರ ಆ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ.

ಒರಿಜಿನಲ್ ಒಂದು ಕವರಿನಲ್ಲಿ, ಮೂರು ಜೆರಾಕ್ಸ್ ಸೆಟ್ ಬೇರೆ ಬೇರೆ. ಕೋರ್ಟಿಗೊಂದು, ಎದುರುದಾರರಿಗೊಂದು, ನಿಮಗೊಂದು. ಪುಟ ಸಂಖ್ಯೆ ಮೂರಕ್ಕೂ ಒಂದೇ ಇರಲಿ. ಮಗಳ ಜನನ ಪ್ರಮಾಣಪತ್ರದಂಥ ಮುಂದೆ ಬೇಕಾಗುವ ಕಾಗದದ ಒರಿಜಿನಲ್ ಕೋರ್ಟಿನ ಕಡತದೊಳಗೆ ಹೋಗುವುದು ಬೇಡ, ಪಾಲಿಕೆಯಿಂದ ಇನ್ನೊಂದು ಪ್ರತಿ ತೆಗೆಸಿ ಅದನ್ನು ಕೊಡಿ.

ದುಡ್ಡಿನ ವಿಷಯಕ್ಕೆ ಬಂದರೆ, 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಮಾದರಿಯಲ್ಲಿ ಆಸ್ತಿ ಮತ್ತು ಸಾಲದ ಪ್ರಮಾಣಪತ್ರವನ್ನು ಇಬ್ಬರೂ ಕೊಟ್ಟಿರಬೇಕು. ಕೊಟ್ಟ ಮೇಲೆ ನಿಮಗೆ ಕೆಲಸ ಸಿಕ್ಕಿದ್ದರೆ, ಸಂಬಳ ಏರಿದ್ದರೆ ಈಗಲೇ ಪೂರಕ ಪ್ರಮಾಣಪತ್ರ ಹಾಕಿ. ಬೇರೆ ಕೋರ್ಟಿನಲ್ಲಿ ಜೀವನಾಂಶ ಆಗಿದ್ದರೆ ಅದನ್ನೂ ಹೇಳಲೇಬೇಕು. ಅವರು ಸಂಬಳ ಮುಚ್ಚಿಟ್ಟಿದ್ದಾರೆ ಎಂಬ ಸಂಶಯವಿದ್ದರೆ, ಕಂಪನಿಯ ಎಚ್‌ಆರ್ ಅಧಿಕಾರಿಗೆ ದಾಖಲೆ ಹಾಜರುಪಡಿಸುವ ಸಮನ್ಸ್ ಕೇಳಿ. ‘ಎಲ್ಲ ದಾಖಲೆ’ ಎಂದು ಕೇಳಿದ ಅರ್ಜಿ ವಜಾ ಆಗುತ್ತದೆ. ‘2023 ಏಪ್ರಿಲ್‌ನಿಂದ 2025 ಮಾರ್ಚ್‌ವರೆಗಿನ ಸಂಬಳ ಚೀಟಿ, ಫಾರಂ 16, ಬೋನಸ್ ಮತ್ತು ಷೇರು ಹಂಚಿಕೆಯ ವಿವರ’ ಎಂದು ಎಣಿಸಿ ಕೇಳಿ. ಪ್ರೊಸೆಸ್ ಫೀ (ಸಮನ್ಸ್ ಕಳಿಸುವ ಶುಲ್ಕ) ಕಟ್ಟದೆ ಸಮನ್ಸ್ ಹೊರಡದೆ ಎರಡು ವಾಯಿದೆ ಕಳೆದುಹೋಗುವುದು ಸಾಮಾನ್ಯ. ಆದೇಶವಾದ ದಿನವೇ ಕಟ್ಟಿದರೇ ಎಂದು ವಕೀಲರ ಗುಮಾಸ್ತರನ್ನು ಕೇಳಿ.

ಮಗಳು

ಎಂಟು ವರ್ಷದ ಹುಡುಗಿಯನ್ನು ಸಾಕ್ಷಿ ಮಾಡುವ ಯೋಚನೆ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಬೇಕೆನಿಸಿದರೆ ನ್ಯಾಯಾಧೀಶರೇ ಚೇಂಬರಿನಲ್ಲಿ ಮಾತಾಡಿಸುತ್ತಾರೆ, ಆಪ್ತ ಸಲಹೆಗಾರರಿಂದ ವರದಿ ತರಿಸುತ್ತಾರೆ. ಆ ದಿನಕ್ಕೆ ಮಾತು ಕಲಿಸಬೇಡಿ. ಕಲಿಸಿದ ಮಾತು ದೊಡ್ಡವರ ಪದದಲ್ಲೇ ಹೊರಬರುತ್ತದೆ, ಮಗುವಿಗೂ ನೋವು, ನಿಮ್ಮ ಕೇಸಿಗೂ ಏಟು. ನಿಮ್ಮ ಕಡೆಯ ಸಾಕ್ಷ್ಯ ದಿನಚರಿಯಲ್ಲಿದೆ: ಶಾಲೆಯ ಡೈರಿಯಲ್ಲಿ ಯಾರ ಸಹಿ, ಪೋಷಕರ ಸಭೆಗೆ ಹೋದವರು ಯಾರು, ಲಸಿಕೆ ಕಾರ್ಡು, ಫೀಸು ಯಾರ ಖಾತೆಯಿಂದ ಹೋಗಿದೆ, ನೀವು ಕೆಲಸಕ್ಕೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ. ಅಪ್ಪನ ಭೇಟಿಗೆ ಎಷ್ಟು ಸಲ ಕಳಿಸಿದಿರಿ, ತಪ್ಪಿದ ದಿನ ಯಾಕೆ ತಪ್ಪಿತು ಎಂಬ ಲೆಕ್ಕವನ್ನೂ ಇಡಿ. ಮಗುವಿನ ಹಿತವೇ ಅಳತೆಗೋಲು ಎಂದಾಗ, ಇನ್ನೊಬ್ಬ ಪೋಷಕರ ಜೊತೆ ಮಗುವಿನ ಸಂಬಂಧ ಉಳಿಸುವವರು ಯಾರು ಎಂಬುದನ್ನೂ ಕೋರ್ಟು ತೂಗುತ್ತದೆ.

ಪಾಟೀ ಸವಾಲಿಗೆ

ಆದೇಶ 18, ನಿಯಮ 3ಎ ಪ್ರಕಾರ ನಿಮ್ಮ ಕಡೆಯ ಉಳಿದ ಸಾಕ್ಷಿಗಳಿಗಿಂತ ಮೊದಲು ನೀವೇ ಕಟ್ಟೆ ಹತ್ತಬೇಕು. ಎದುರು ವಕೀಲರು ಖಂಡಿತ ಮುಟ್ಟುವ ಜಾಗ ಒಂದಿದೆ: ‘ಆ ಘಟನೆ ಆದ ಮೇಲೂ ಒಟ್ಟಿಗೆ ಇದ್ದಿರಿ, ಧರ್ಮಸ್ಥಳಕ್ಕೆ ಹೋಗಿಬಂದಿರಿ, ಫೋಟೋ ಹಾಕಿದಿರಿ.’ ಹಿಂದೂ ವಿವಾಹ ಕಾಯ್ದೆಯ ಕಲಂ 23ರಂತೆ ಕ್ರೌರ್ಯವನ್ನು ನೀವು ಮನ್ನಿಸಿಲ್ಲ ಎಂದು ಕೋರ್ಟಿಗೆ ತೃಪ್ತಿಯಾಗಬೇಕು, ಅದಕ್ಕೇ ಈ ಪ್ರಶ್ನೆ. ಯಾಕೆ ಉಳಿದಿರಿ, ಆಮೇಲೆ ಮತ್ತೆ ಏನಾಯಿತು ಎಂಬುದು ಪ್ರಮಾಣಪತ್ರದಲ್ಲಿ ಎರಡು ಸಾಲಾದರೂ ಇರಬೇಕು. ಫೋಟೋಗಳನ್ನು ಈಗ ಅಳಿಸಬೇಡಿ, ಅವರ ಬಳಿ ಪ್ರತಿ ಇರುತ್ತದೆ. ಕೌಟುಂಬಿಕ ದೌರ್ಜನ್ಯದ ಅರ್ಜಿ ಅಥವಾ ಪೊಲೀಸ್ ದೂರು ಹಿಂದೆ ಕೊಟ್ಟಿದ್ದರೆ ಅವುಗಳ ದೃಢೀಕೃತ ನಕಲು ತಂದು ಈ ಪ್ರಮಾಣಪತ್ರದ ಜೊತೆ ಸಾಲು ಸಾಲಾಗಿ ಹೋಲಿಸಿ.

ಕನ್ನಡದಲ್ಲಿ ಸಾಕ್ಷಿ ನುಡಿಯುವವರು ಒಂದು ವಿಷಯ ಗಮನಿಸಬೇಕು. ‘ಅವರು ನಿಮ್ಮನ್ನು ಹೊರಗೆ ಹಾಕಲಿಲ್ಲ, ಅಲ್ವಾ?’ ಎಂದು ಕೇಳಿದಾಗ ನೀವು ‘ಹೌದು’ ಎಂದರೆ, ಹಾಕಿದರು ಅಂತಲೋ ಹಾಕಲಿಲ್ಲ ಅಂತಲೋ? ಹೇಳಿಕೆಯಲ್ಲಿ ‘ಎದುರುದಾರರು ನನ್ನನ್ನು ಮನೆಯಿಂದ ಹೊರಹಾಕಿಲ್ಲ ಎಂದರೆ ಸರಿ’ ಎಂದು ಟೈಪಾಗಿಬಿಟ್ಟರೆ ಕೇಸಿನ ಬುಡವೇ ಅಲುಗಿತು. ಇಂಥ ಪ್ರಶ್ನೆಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಿ: ‘ಇಲ್ಲ ಸ್ವಾಮಿ, ಅವರು ನನ್ನನ್ನು ಹೊರಗೆ ಹಾಕಿದರು.’ ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ದಾಖಲೆ ತೋರಿಸಿ ಕೇಳಿದರೆ ಕೈಗೆ ತೆಗೆದುಕೊಂಡು ಓದಿ, ಅವಸರ ಬೇಡ. ಕೊನೆಗೆ ‘ಓದಿ ಕೇಳಿದೆ, ಸರಿಯಿದೆ’ ಎಂದಿರುವ ಕಡೆ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಓದಿ. ತಪ್ಪು ಕಂಡರೆ ಆಗಲೇ ನ್ಯಾಯಾಧೀಶರ ಗಮನಕ್ಕೆ ತನ್ನಿ, ಮನೆಗೆ ಹೋದ ಮೇಲೆ ಹೇಳಿದರೆ ಆಗುವುದಿಲ್ಲ. ಅಪರಿಚಿತರ ಮುಂದೆ ಇದನ್ನೆಲ್ಲ ಹೇಳಲು ಸಂಕೋಚವಾದರೆ, ಒಬ್ಬರು ಕೇಳಿದರೂ ಸಾಕು, ವಿಚಾರಣೆಯನ್ನು ಮುಚ್ಚಿದ ಬಾಗಿಲಲ್ಲಿ ನಡೆಸಬೇಕು ಎಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಕಲಂ 11 ಹೇಳುತ್ತದೆ.

ಸಾಕ್ಷಿಯೊಬ್ಬರು ವಿದೇಶದಲ್ಲಿದ್ದರೆ, ಉದಾಹರಣೆಗೆ ಅಮೆರಿಕದಲ್ಲಿರುವ ಅಣ್ಣ, ವಿಡಿಯೋ ಮೂಲಕ ಸಾಕ್ಷ್ಯಕ್ಕೆ ಅರ್ಜಿ ಹಾಕಿ. ಭಾರತೀಯ ದೂತಾವಾಸದ ಅಧಿಕಾರಿಯ ಸಮ್ಮುಖ ಬೇಕಾಗುವುದರಿಂದ ಪತ್ರವ್ಯವಹಾರಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅವರು ಹೇಳುವುದನ್ನು ಇಲ್ಲಿರುವ ಇನ್ನೊಬ್ಬರು ಹೇಳಬಲ್ಲರಾದರೆ ಅವರನ್ನೇ ಪಟ್ಟಿಗೆ ಹಾಕಿ. ಮದುವೆಯ ತಾರೀಕು, ಮಗುವಿನ ಜನನ, ಒಟ್ಟಿಗಿದ್ದ ವಿಳಾಸ, ಇಂಥ ತಕರಾರಿಲ್ಲದ ಸಂಗತಿಗಳಿಗೆ ಸಾಕ್ಷಿ ಬೇಡ. ಆದೇಶ 12ರಂತೆ ಒಪ್ಪಿಕೊಳ್ಳಿರೆಂದು ನೋಟಿಸ್ ಕೊಡಬಹುದು, ಅಥವಾ ಇಬ್ಬರು ವಕೀಲರೂ ಸೇರಿ ಮೆಮೋ ಹಾಕಿದರೆ ಅರ್ಧ ದಿನ ಉಳಿಯುತ್ತದೆ.

ರಾಜಿಯ ಬಾಗಿಲು ಇನ್ನೂ ತೆರೆದೇ ಇದೆ. ನ್ಯಾಯಾಧೀಶರು ವಿವಾದಾಂಶದ ದಿನ ಮತ್ತೊಮ್ಮೆ ‘ಏನಾದರೂ ಆಗುತ್ತದಾ’ ಎಂದು ಕೇಳುವ ಸಂಭವ ಹೆಚ್ಚು. ಆಗ ತಡವರಿಸದಂತೆ ಒಂದು ಹಾಳೆಯಲ್ಲಿ ನಿಮ್ಮ ಷರತ್ತು ಬರೆದಿಟ್ಟುಕೊಳ್ಳಿ: ಮೊತ್ತ ಒಂದೇ ಕಂತೋ ತಿಂಗಳಿಗೋ, ಮಗಳ ಫೀಸು ಯಾವ ತರಗತಿವರೆಗೆ ಯಾರು, ಭೇಟಿ ಯಾವ ಶನಿವಾರ ಎಷ್ಟು ಗಂಟೆ, ದಸರಾ ಮತ್ತು ಬೇಸಿಗೆ ರಜೆ ಹೇಗೆ ಹಂಚಿಕೆ, ಪಾಸ್‌ಪೋರ್ಟಿಗೆ ಸಹಿ, ಒಡವೆ ಪಟ್ಟಿ. ಕ್ರಿಮಿನಲ್ ಕೇಸೂ ಇದ್ದರೆ ಅದನ್ನು ರದ್ದುಪಡಿಸಲು ಹೈಕೋರ್ಟಿಗೆ ಹೋಗಬೇಕು, ಕೊನೆಯ ಕಂತನ್ನು ಆ ಹಂತಕ್ಕೆ ಹೊಂದಿಸಿಕೊಳ್ಳುತ್ತಾರೆ. ಇದಕ್ಕಿಂತ ಕೆಳಗೆ ಇಳಿಯಲಾರೆ ಎಂಬ ಅಂಕಿ ಆ ಹಾಳೆಯಲ್ಲಿ ಬೇಡ, ಅದು ನಿಮ್ಮ ಮತ್ತು ವಕೀಲರ ನಡುವೆ ಇರಲಿ.

ವಕೀಲರ ಫೀಸು ಭಾರವಾಗುತ್ತಿದ್ದರೆ, ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ದಿನಾಂಕದ ಹಿಂದಿನ ಸಂಜೆ ಇಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರದ ಸಿಎನ್‌ಆರ್ ಸಂಖ್ಯೆ (ನಿಮ್ಮ ಕೇಸಿನ ಗುರುತಿನ ಸಂಖ್ಯೆ) ಹಾಕಿ ಕೇಸು ಯಾವ ಕೋರ್ಟ್ ಹಾಲಿನಲ್ಲಿದೆ, ಯಾವ ಹಂತಕ್ಕೆ ಇಟ್ಟಿದ್ದಾರೆ ಎಂದು ನೋಡಿ. ಹಳೇ ಫೋನು, ಚಾರ್ಜರು, ಒರಿಜಿನಲ್ ಕವರು, ಐದು ಕಾಲಮಿನ ಪುಸ್ತಕ, ಇವಿಷ್ಟನ್ನು ಒಂದೇ ಚೀಲದಲ್ಲಿ ಹಾಕಿಕೊಂಡು ಹತ್ತೂವರೆಗೆಲ್ಲ ಅಲ್ಲಿರಿ.